ಕೊನೆಯ ಸಾಲಿನ ಕೆಂಪು ದೀಪ

ಒಂದೇ ಮನೆಯ ಇಬ್ಬರು ಸೊಸೆಯಂದಿರು ಒಂದೇ ಕಡೆ ಕೆಲಸಕ್ಕೆ ಹೋಗಬಾರದು. ಹೋದರೂ ಎದುರುಬದುರು ನಿಲ್ಲಬಾರದು. ಆಟದ ಪಾರ್ಕಿನಲ್ಲಿ ನಾನು ತೂಗುವ ಹಡಗು ನಡೆಸುತ್ತೇನೆ, ನನ್ನ ಮೈದುನನ ಹೆಂಡತಿ ಎದುರಿನ ಜೈಂಟ್ ವೀಲ್ ನಡೆಸುತ್ತಾಳೆ. ಅವಳ ಮುಂದೆ ಗೇಟಿನವರೆಗೆ ಸಾಲು. ನನ್ನ ಮುಂದೆ ಎಂಟೋ ಹತ್ತೋ ಜನ. ಅತ್ತೆಯೂ ಸರಿಯಾಗಿ ಊಟದ ಹೊತ್ತಿಗೇ ಅವಳನ್ನು ಹೊಗಳಲು ಶುರುಮಾಡುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದೆ.

ತಪ್ಪೆಲ್ಲ ಆ ದೀಪದ್ದು ಎಂದು ನಾನು ತೀರ್ಮಾನಿಸಿದ್ದೆ. ಹಡಗಿನ ಸೀಟುಗಳ ಪ್ರತಿ ಸಾಲಿಗೂ ತೊಡೆಯ ಮೇಲೆ ಇಳಿಯುವ ಒಂದು ಕಂಬಿ ಇದೆ. ಅದು ಸರಿಯಾಗಿ ಕೂತರೆ ಬುಡದ ಗುಂಡಿ ಒತ್ತಿಕೊಂಡು ನನ್ನೆದುರು ಹಸಿರು ದೀಪ ಹತ್ತುತ್ತದೆ. ಕೂರದಿದ್ದರೆ ಕೆಂಪು, ಹಡಗು ಹೊರಡುವುದೇ ಇಲ್ಲ. ಕೊನೆಯ ಸಾಲಿನದಂತೂ ದಿನಕ್ಕೆ ಹತ್ತು ಸಲ ಕೆಂಪು. ಪ್ರತಿ ಸಲವೂ ನಾನು ಮೇಲೆ ಹತ್ತಿ ನೋಡಬೇಕು. ಅಷ್ಟರಲ್ಲಿ ಕೆಳಗೆ ಕಾಯುತ್ತಿದ್ದವರು ಬೇಸತ್ತು ಎದುರಿಗೆ ಹೋಗುತ್ತಿದ್ದರು. ಅವಳು ಅವರನ್ನು ನಗುನಗುತ್ತಾ ಹತ್ತಿಸಿಕೊಳ್ಳುವಾಗ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಆ ದೀಪವನ್ನು ಕಿತ್ತುಹಾಕು ಎಂದು ಮೆಕ್ಯಾನಿಕ್ ಅಣ್ಣನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

"ಕೆಂಪು ಬಂದ್ರೆ ಹೋಗಿ ನೋಡಮ್ಮ. ಹತ್ತೋಕೆ ಮೊದಲೇ ಚೀಲ, ಕೊಡೆ ಎಲ್ಲ ಕೆಳಗಿಡೋಕೆ ಹೇಳು, ಕೆಂಪು ಬರೋದೇ ಕಡಿಮೆಯಾಗುತ್ತೆ."

ಬಂದವರಿಗೆಲ್ಲ ಪಾಠ ಹೇಳುತ್ತಾ ನಿಂತರೆ ಸಾಲು ಬೆಳೆದ ಹಾಗೇ ಎಂದು ಗೊಣಗಿಕೊಂಡು ಬಂದೆ. ಮರುದಿನ ಯಾರೂ ಬರುವ ಮೊದಲೇ ನನ್ನ ತಲೆಯ ಪಿನ್ನು ತೆಗೆದು, ಒತ್ತಿಕೊಂಡೇ ಇರುವ ಹಾಗೆ ಕೊನೆಯ ಸಾಲಿನ ಗುಂಡಿಗೆ ಸಿಕ್ಕಿಸಿದೆ. ದೀಪ ಹಸಿರಾಗಿಯೇ ನಿಂತಿತು. ಹಡಗು ಒಂದರ ಹಿಂದೆ ಒಂದು ಸುತ್ತು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವಳ ಸಾಲು ಕರಗಿ ನನ್ನ ಕಡೆ ಬಂತು. ವೀಲ್ ಖಾಲಿ ನಿಂತಿತ್ತು, ಅವಳು ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ನೋಡು, ಚೆನ್ನಾಗಿ ನೋಡು ಅಂದುಕೊಂಡೆ.

ಆಗಲೇ ಅತ್ತೆ ನನ್ನ ಮಗಳ ಕೈಹಿಡಿದು ಬಂದರು. ನೇರ ನನ್ನ ಹಡಗಿಗೇ ಬಂದರು. ಓರಗಿತ್ತಿಯ ಕಣ್ಣೆದುರೇ ಹತ್ತಿ ಕೊನೆಯ ಸಾಲಿನಲ್ಲಿ ಕೂತರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಹಸಿರು ನೋಡಿ ಹಡಗು ಹೊರಡಿಸುವ ಗುಂಡಿ ಒತ್ತಿದೆ.

ಹಡಗು ಎರಡನೇ ಸಲ ತೂಗುವಷ್ಟರಲ್ಲಿ ಓರಗಿತ್ತಿ ತಡೆಬೇಲಿ ದಾಟಿ ಓಡಿಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ನಿಲ್ಲಿಸುವ ಕೆಂಪು ಗುಂಡಿಗೆ ಗುದ್ದಿದಳು. ನನ್ನ ಸುಖ ನಿನ್ನ ಕಣ್ಣಿಗೆ ಚುಚ್ಚುತ್ತಾ ಎಂದು ಎಲ್ಲರೆದುರೇ ಬೈದೆ. ಅವಳು ಕೊನೆಯ ಸಾಲಿನತ್ತ ಬೆರಳು ತೋರಿಸಿದಳು.

ಅತ್ತೆಯ ಮಡಿಲಲ್ಲಿ ದೊಡ್ಡ ಚೀಲವಿತ್ತು. ಅದು ಅಡ್ಡಬಂದು ಕಂಬಿ ಕೂತೇ ಇರಲಿಲ್ಲ. ಅವರು ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ನನ್ನ ಮಗಳನ್ನೂ ಅವುಚಿ ಹಿಡಿದಿದ್ದರು. ಮಗಳನ್ನು ನಾನೇ ಎತ್ತಿ ಇಳಿಸಿಕೊಂಡೆ.

"ನಿನಗೆ ಹೇಗೆ ಗೊತ್ತಾಯ್ತು?" ಎಂದು ಓರಗಿತ್ತಿಯನ್ನು ಕೇಳಿದೆ.

"ಬೆಳಿಗ್ಗೆಯಿಂದ ಒಂದು ಸಲಾನೂ ನಿಮ್ಮ ಹಡಗು ನಿಂತಿಲ್ಲ ಅಕ್ಕ, ಅನುಮಾನ ಬಂತು. ಸುಳ್ಳು ಯಾಕೆ, ಹೊಟ್ಟೆಯೂ ಉರೀತಿತ್ತು. ಕಣ್ಣು ನಿಮ್ಮ ಮೇಲೇ ಇತ್ತು, ಅದಕ್ಕೇ ಕಂಬಿ ಎದ್ದಿದ್ದು ಕಾಣಿಸ್ತು."

ಪಿನ್ನು ತೆಗೆದು ನಾನೇ ಮೆಕ್ಯಾನಿಕ್ ಅಣ್ಣನ ಕೈಗಿಟ್ಟು ಆದದ್ದನ್ನು ಹೇಳಿದೆ. ಪಾರ್ಕಿನವರು ಎರಡು ತಿಂಗಳು ನನ್ನನ್ನು ಹಡಗಿನ ಹತ್ತಿರ ಬಿಡಲಿಲ್ಲ, ಅದು ಸರಿಯೇ. ಈಗ ಮತ್ತೆ ಅಲ್ಲಿದ್ದೇನೆ. ಅತ್ತೆ ಸಾಲಿನ ತುದಿಯಲ್ಲಿ ನಿಂತು ಬಂದವರ ಚೀಲಗಳನ್ನೆಲ್ಲ ಕೆಳಗಿಡಿಸುತ್ತಾರೆ, ಹಾಗೆ ಮಾಡಲು ಅವರಿಗೆ ಯಾರೂ ಹೇಳಿಲ್ಲ. ಎದುರಿನವಳ ಸಾಲು ಇವತ್ತಿಗೂ ನನ್ನದಕ್ಕಿಂತ ಉದ್ದ. ಹೊಟ್ಟೆ ಉರಿಯುತ್ತದೆ, ಉರಿಯಲಿ.

ನೀವು ಆಟಕ್ಕೆ ಬಂದಾಗ ಮಡಿಲಲ್ಲಿ ಏನನ್ನೂ ಇಟ್ಟುಕೊಳ್ಳಬೇಡಿ. ಕಂಬಿ ಕೂತಿದೆಯೇ ಎಂದು ನೀವೇ ಒಮ್ಮೆ ಎಳೆದು ನೋಡಿ. ಸಡಿಲವಿದ್ದರೆ ನಾಚಿಕೊಳ್ಳದೆ ಕೂಗಿ ನಿಲ್ಲಿಸಿ. ನಾವಾಗಿ ಆಟ ನಿಲ್ಲಿಸಿದರೆ ಬೈಯಿರಿ, ಪರವಾಗಿಲ್ಲ, ಆದರೆ ನಾವು ಇಳಿಯಿರಿ ಎನ್ನುವವರೆಗೆ ಕೂತಲ್ಲೇ ಕೂತಿರಿ. ನಿಮ್ಮ ಮಕ್ಕಳು ಪಕ್ಕದಲ್ಲಿರುತ್ತಾರೆ.