ಜ್ವರದ ತುಟಿ

ಮಂಜಿನೊಳಗಿಂದ ಒಂದು ಹಸು ಬಂತು, ಬರೀ ತಲೆ ಮತ್ತು ಬೆನ್ನು, ಕಾಲುಗಳು ಬಿಳಿಯಲ್ಲಿ ಕರಗಿಹೋಗಿವೆ, ದಂಡೆಯ ಮೇಲೆ ತೇಲುತ್ತ ಹಿಂದಕ್ಕೆ ಸರಿಯಿತು, ಸರಿಯುತ್ತಿರುವುದು ಹಸುವೋ ಹಡಗೋ — ವೀಟ್ಸ್ಕೆ ಚುಕ್ಕಾಣಿಯ ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದು ನಿಂತಿದ್ದಾಳೆ, ಇವತ್ತು ನಡೆಸಬೇಕಾದದ್ದೂ ಇಲ್ಲ, ವಾಲ್ ನದಿ ತಾನೇ ಎತ್ತಿಕೊಂಡು ಹೋಗುತ್ತಿದೆ, ಹೊಟ್ಟೆ ತುಂಬ ಜರ್ಮನಿಯ ಜಲ್ಲಿ ತುಂಬಿಕೊಂಡ ಹಡಗು ನಿದ್ದೆಗಣ್ಣಿನ ಮಗುವಿನ ಹಾಗೆ ಭಾರವಾಗಿ ಸುಮ್ಮನೆ ಹೋಗುತ್ತಿದೆ, ಅದರ ಮುಂದಿನ ತುದಿ ಮಂಜಿನಲ್ಲಿ ಮುಳುಗಿದೆ, ಅಲ್ಲಿ ಗೆರ್ಲೋಫ್ ಇದ್ದಾನೆ, ಇರಬೇಕು, ಕಟ್ಟಿಕೊಂಡ ಗಂಡ, ಕಾಣುವುದಿಲ್ಲ, ವಾಕಿಟಾಕಿಯಲ್ಲಿ ದನಿ ಮಾತ್ರ. ಸೇತುವೆ ಬಂದರೆ, ಗೋಡೆ ಬಂದರೆ, ಆ ತುದಿಯಿಂದ ಅವನು ದೂರ ಹೇಳುತ್ತಾನೆ, ಈ ತುದಿಯಿಂದ ಅವಳು ನಂಬುತ್ತಾಳೆ, ಮದುವೆಯಾದಂದಿನಿಂದ ಹೀಗೇ, ಕಣ್ಣು ಅವನದು ಕೈ ಅವಳದು, ಒಮ್ಮೆಯೂ ಗೋಡೆಗೆ ಉಜ್ಜಿದ್ದಿಲ್ಲ. ವಾರದ ಮೇಲಾಯಿತು, ಸಂಸಾರದಲ್ಲಿ ಉಳಿದಿರುವ ಮಾತು ಅದೊಂದೇ, ಐವತ್ತು ಮೀಟರ್, ಮೂವತ್ತು ಮೀಟರ್. ಊಟ ಬೇರೆ ಬೇರೆ ಹೊತ್ತಿಗೆ, ಹಾಸಿಗೆ ಬೇರೆ ಬೇರೆ ಕೋಣೆಯಲ್ಲಿ, ಬೆಳಿಗ್ಗೆ ಬಚ್ಚಲಮನೆಯ ಕನ್ನಡಿಯಲ್ಲಿ ಅರೆಗಳಿಗೆ ಅವನ ಮುಖ ಕಂಡಿತ್ತು, ತುಟಿಯ ಮೂಲೆಗೆ ಬಿಳಿ ಮುಲಾಮಿನ ಚುಕ್ಕೆ, ತಕ್ಷಣ ಇಬ್ಬರೂ ಬೇರೆ ಕಡೆ ನೋಡಿದ್ದರು. ಕುರ್ಚಿಯ ಕೆಳಗೆ ಬ್ಯಾಗು ಸಿದ್ಧವಾಗಿದೆ. ಟೀಲ್ ಊರಿನ ಲಾಕ್‌ಗೇಟಿನಲ್ಲಿ, ಹಡಗನ್ನು ಎರಡು ಗೋಡೆಗಳ ನಡುವೆ ನಿಲ್ಲಿಸಿ ನೀರು ಇಳಿಸಿ ಕಾಲುವೆಗೆ ಬಿಡುವಲ್ಲಿ, ತಂಗಿ ಫ್ರೌಕ್ಯೆ ಕಾರು ನಿಲ್ಲಿಸಿಕೊಂಡು ಕಾಯುತ್ತಾಳೆ, ಅಕ್ಕಾ, ನೀನು ಬ್ಯಾಗ್ ಹಿಡ್ಕೊಂಡು ಗೋಡೆ ಹತ್ತು ಅಷ್ಟೇ, ಮಿಕ್ಕಿದ್ದನ್ನೆಲ್ಲ ಅವನೇ ಕಟ್ಕೊಂಡು ಸಾಯ್ಲಿ.

ಅದು ಶುರುವಾದದ್ದು ಜುಮುಜುಮು ಎಂದು, ತೊಡೆಯ ಒಳಗಡೆ, ಕಾಲು ಜೋಮು ಹಿಡಿದು ಬಿಡುವಾಗಿನ ಹಾಗೆ, ಬಟ್ಟೆ ತಗುಲಿದರೂ ಉರಿ, ಆಮೇಲೆ ಜ್ವರ, ತೊಡೆಯ ಸಂದಿನಲ್ಲಿ ಗಂಟು, ಜ್ವರದಲ್ಲಿ ರೈನ್ ನದಿ ಚಾವಣಿಯ ಮೇಲೆ ಹರಿಯುತ್ತಿತ್ತು, ಅದರಲ್ಲಿ ಅಮ್ಮ ಬಟ್ಟೆ ಜಾಲಿಸುತ್ತಿದ್ದಳು, ಎಲ್ಲ ಬಿಳಿ ಬಟ್ಟೆ — ಎದ್ದು ಕೈಗನ್ನಡಿ ಹಿಡಿದು ನೋಡಿಕೊಂಡರೆ ಸಾಸಿವೆಯಂಥ ಗುಳ್ಳೆಗಳ ಗೊಂಚಲು, ಮರುದಿನ ಒಡೆದು ಹುಣ್ಣು. ಮೂತ್ರಕ್ಕೆ ಕೂತರೆ ಬೆಂಕಿ, ಷವರಿನ ಕೆಳಗೆ ಕೂತು ಉಗುರುಬೆಚ್ಚಗಿನ ನೀರು ಬಿಟ್ಟುಕೊಂಡರೆ ಮಾತ್ರ ಆಗುತ್ತಿತ್ತು, ಅಳು ನೀರಿನಲ್ಲೇ ಹೋಗುತ್ತಿತ್ತು. ಹಿಂದಿನ ಸಲ ಜಲ್ಲಿ ತುಂಬಲು ಹಡಗು ಜರ್ಮನಿಯ ವೇಸೆಲ್‌ನಲ್ಲಿ ನಿಂತಾಗ ಅಲ್ಲಿನ ಡಾಕ್ಟರಮ್ಮನ ಹತ್ತಿರ ಹೋದಳು, ಅವರ ಜರ್ಮನ್, ಇವಳ ಅರೆಬರೆ ಜರ್ಮನ್. ಹುಣ್ಣಿನ ಮೇಲೆ ಹತ್ತಿಕಡ್ಡಿ ತಿರುಗಿಸಿ ಕೊಳವೆಯೊಳಗೆ ಮುಚ್ಚಿದರು, ನೋಡಿದರೇ ಗೊತ್ತಾಗುತ್ತೆ, ಹರ್ಪಿಸ್, ಯಾವ ಜಾತಿ ಅಂತ ಲ್ಯಾಬ್ ಹೇಳುತ್ತೆ, ಮಾತ್ರೆ ಇವತ್ತಿನಿಂದಲೇ ತಗೊಳ್ಳಿ. ಕಕ್ಕಸಿನ ಸೀಟಿನಿಂದ ಬಂದಿರಬಹುದಾ ಡಾಕ್ಟ್ರೇ? ಪಾಪ, ಬರೀ ಸೀಟಮ್ಮ ಅದು, ಅದಕ್ಕೆ ಏನೂ ಗೊತ್ತಿಲ್ಲ, ಇದು ಚರ್ಮಕ್ಕೆ ಚರ್ಮ ತಗುಲಿಯೇ ಬರಬೇಕು. ಆಮೇಲೆ, ಕನ್ನಡಕ ಇದೆಯಾ ಎಂದು ಕೇಳಿದಷ್ಟು ಹಗುರವಾಗಿ, ನಿಮ್ಮ ಗಂಡನಿಗೆ ಹರ್ಪಿಸ್ ಇದೆಯಾ? ಅಯ್ಯೋ ಇಲ್ಲ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ.

ನಿನಗೆ ಹರ್ಪಿಸ್ ಇದೆಯಾ ಗೆರ್ಲೋಫ್? ಆ ರಾತ್ರಿ ಊಟದಲ್ಲಿ ಆಲೂಗಡ್ಡೆ ಚುಚ್ಚಿದ ಅವನ ಫೋರ್ಕು ಅರ್ಧದಲ್ಲೇ ನಿಂತಿತ್ತು. ನನಗಾ? ಆ ಹೊಲಸು ನನಗೆಲ್ಲಿಂದ ಬರುತ್ತೆ? ಹಾಗಾದ್ರೆ ನನಗೆಲ್ಲಿಂದ ಬಂತು? ಅದನ್ನ ನೀನು ಹೇಳಬೇಕು ವೀಟ್ಸ್, ನಾನಲ್ಲ. ಮಾರ್ಲೂಸ್, ಎಂದಳು ಅವಳು, ಮಾರ್ಚಿನಲ್ಲಿ ಎಂಜಿನ್ ಬಿಚ್ಚಿ ಹಡಗು ರಿಪೇರಿಗೆ ನಿಂತಿದ್ದಾಗ ಅಲ್ಲಿನ ಕ್ಯಾಂಟೀನಿನಲ್ಲಿ ಇವನ ಸಪ್ಪೆ ಜೋಕಿಗೂ ಬಿದ್ದು ಬಿದ್ದು ನಗುತ್ತಿದ್ದ ಹೆಂಗಸು, ನಾನು ಅಮ್ಮನ ಮನೇಲಿದ್ದೆ, ನೀನು ಅವಳ ಸೂಪು ಕುಡೀತಿದ್ದೆ. ಓಹೋ, ಅಮ್ಮನ ಮನೆ, ಅಮ್ಮನ ಮನೆ ಪಕ್ಕದಲ್ಲಿ ಯಾರಿದಾರೆ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ? ತಟ್ಟೆ ತೊಳೆದಿಟ್ಟು ಹೋದ, ಸದ್ದು ಮಾಡದೆ, ಅದೇ ಹೆಚ್ಚು ನೋವು. ಈ ಬೆಳಿಗ್ಗೆ ಡಾಕ್ಟರಮ್ಮನ ಫೋನು, ಮೊದಲನೇ ಜಾತಿ ಬಂದಿದೆ, ಬಾಯಿಯಿಂದ ಬರುವಂಥದ್ದು, ಒಂದು ಸಲ ಒಳಹೊಕ್ಕರೆ ನರದ ಬುಡದಲ್ಲಿ ಮಲಗಿರುತ್ತೆ, ಕೆಳಗಡೆ ಬಂದರೆ ಈ ಜಾತಿ ಮತ್ತೆ ಮತ್ತೆ ಏಳೋದು ಕಡಿಮೆ, ಹೆದರಬೇಡಿ. ರಕ್ತ ಪರೀಕ್ಷೆ ಮಾಡಿದರೆ ಯಾರಿಂದ, ಯಾವಾಗ ಅಂತ ಗೊತ್ತಾಗಲ್ವಾ? ಇಲ್ಲಮ್ಮ, ರಕ್ತ ಅದನ್ನ ಹೇಳಲ್ಲ, ಹೋದ ವಾರ ಬಂದದ್ದೂ ಇರಬಹುದು, ಎಷ್ಟೋ ವರ್ಷದಿಂದ ಮಲಗಿದ್ದು ಈಗ ಎದ್ದದ್ದೂ ಇರಬಹುದು. ಬಾಯಿಯಿಂದ, ಬಾಯಿಯಿಂದ, ಯಾರ ಬಾಯಿಯಿಂದ — ಮಂಜಿನಲ್ಲಿ ಒಂದು ಬಾಯಿ ತೇಲಿತು, ಮಾರ್ಲೂಸ್‌ಳದು, ಕೆಂಪು ಬಳಿದದ್ದು, ಅವಳು ಬಳಿಯುತ್ತಾಳೋ ಇಲ್ಲವೋ ಯಾರಿಗೆ ಗೊತ್ತು, ಬಳಿಯಲಿ, ಆ ಬಾಯಿಂದ ಗೆರ್ಲೋಫನ ಬಾಯಿಗೆ, ಗೆರ್ಲೋಫನ ಬಾಯಿಂದ ಕೆಳಗೆ, ಛೆ, ಭಾನುವಾರಗಳ ಆ ಸುಖವೆಲ್ಲ ಈಗ ಪರಕೀಯ.

ಲಾಕ್‌ಗೇಟಿನ ಹಸಿರು ದೀಪ ಮಂಜಿನೊಳಗೆ ಎಲೆಯಂತೆ ಮೂಡಿತು, ಅವಳು ವೇಗ ಇಳಿಸಿದಳು, ಇಕ್ಕೆಲದ ಗೋಡೆ ಹತ್ತಿರ ಬರುತ್ತಿದೆ, ಕಾಣದು, ನೀರಿನ ಸದ್ದು ಬದಲಾದದ್ದರಿಂದ ತಿಳಿಯಬೇಕು, ವಾಕಿಟಾಕಿ ಗೊರಗೊರ ಎಂದಿತು, ನಲವತ್ತು ಈಟರ್. ಏನಂದ ಅವನು? ಊವತ್ತು ಈಟರ್. ಈಟರ್. ಮ ಅನ್ನಬೇಕಾದರೆ ತುಟಿ ಎರಡೂ ಮುಟ್ಟಬೇಕು, ಅವನು ಮುಟ್ಟಿಸುತ್ತಿಲ್ಲ, ಒಡೆದಿದೆ, ಮೂಡಣ ಗಾಳಿ ಬೀಸಿದರೆ ಪ್ರತಿ ವಸಂತದಲ್ಲೂ ಹೀಗೇ, ಜುಮ್ಮನ್ನುತ್ತಿದೆ ವೀಟ್ಸ್, ನಾಳೆ ಬೆಳಿಗ್ಗೆ ಗುಳ್ಳೆ ನೋಡು ಅಂತಾನೆ, ಬರುತ್ತದೆ, ಒಡೆಯುತ್ತದೆ, ಹಕ್ಕಳೆ ಕಟ್ಟಿ ಉದುರುತ್ತದೆ, ಬಿಳಿ ಚುಕ್ಕೆ, ಅವನ ಜ್ವರದ ತುಟಿ. ಜುಮ್ಮನ್ನುತ್ತಿದೆ. ಗುಳ್ಳೆ. ಒಡೆಯುತ್ತದೆ — ಅವಳ ತೊಡೆಯ ಮೇಲೂ ಇದೇ ಸರದಿ. ನಮ್ಮವರು ಇದಕ್ಕೆ ಜ್ವರದ ತುಟಿ ಅನ್ನುತ್ತಾರೆ, ಗಡಿಯಾಚೆ ಜರ್ಮನರು ಏನನ್ನುತ್ತಾರೆ, ವೇಸೆಲ್‌ನ ಔಷಧದಂಗಡಿಯಲ್ಲಿ ಅವನ ಮುಲಾಮು ಕೊಂಡವಳು ಅವಳೇ, ಡಬ್ಬಿಯ ಮೇಲೆ ತುಟಿಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ತುಟಿಹರ್ಪಿಸ್, ಎಷ್ಟು ವರ್ಷ ಓದಿದ್ದಾಳೆ, ಓದಿಯೂ ಓದಿರಲಿಲ್ಲ. ಗಂಡನಿಗೆ ಹರ್ಪಿಸ್ ಇದೆಯಾ ಅಂದರೆ ಆ ಡಾಕ್ಟರಮ್ಮ ಕೇಳಿದ್ದು ಇಷ್ಟೇ. ಗುಳ್ಳೆ ಕಾಣದಿದ್ದ ದಿನವೂ ಅಂಟಬಹುದು ಎಂದೂ ಹೇಳಿದ್ದರು, ಆ ಮಾತೂ ಮಂಜಿನಲ್ಲಿ ಹೋಗಿತ್ತು.

ಮೈಕು ಎಳೆದುಕೊಂಡಳು. ಆ ಜ್ವರದ ತುಟಿ ನಿನಗೆ ಯಾವಾಗಿನಿಂದ, ಯಾರಿಂದ ಬಂತು, ಈಗಲೇ ಹೇಳು! ಗೊರಗೊರ. ಆಮೇಲೆ ಗುರುತಿಲ್ಲದ ದನಿ, ನನ್ನನ್ನ ಕೇಳಿದ್ರಾ ಮೇಡಂ? ಮದುವೆ ಆದ್ಮೇಲೆ ಬಂತು, ಹೆಂಡತಿ ಕಡೆಯ ವರದಕ್ಷಿಣೆ, ಟೂತ್‌ಪೇಸ್ಟ್ ಹಚ್ತೀನಿ, ಪ್ರಯೋಜನ ಇಲ್ಲ. ಲಾಕ್‌ಗೇಟಿನವನು. ತಪ್ಪು ಮೈಕು, ಲಾಕ್‌ಗೇಟಿಗೂ ಸುತ್ತಲ ಹಡಗುಗಳಿಗೂ ಕೇಳುವ ರೇಡಿಯೋದ್ದು. ಹಿಂದಿನ ಹಡಗಿನ ಮುದುಕ ಕೂಡ ಬಾಯಿ ಹಾಕಿದ, ನನಗೆ ನಮ್ಮಜ್ಜಿ ಮುತ್ತು ಕೊಟ್ಟು ಅಂಟಿಸಿದ್ದು, ಒಳ್ಳೆ ಹೆಂಗಸು, ಈಗ ದಯವಿಟ್ಟು ಮುಂದೆ ಹೋಗ್ತೀರಾ? ಎಷ್ಟು ಸಲೀಸಾಗಿ, ಎಲ್ಲರಿಗೂ ಇದೆ, ಎಲ್ಲರೂ ಒಪ್ಪುತ್ತಾರೆ, ಇದೇ ಹೆಸರಿನಲ್ಲಿ ಕೇಳಿದರೆ, ಇನ್ನೊಂದು ಹೆಸರಿನಲ್ಲಿ ಕೇಳಿದ್ದರೆ ಇಡೀ ನದಿ ಬಾಯಿ ಮುಚ್ಚಿಕೊಳ್ಳುತ್ತಿತ್ತು — ಅವಳು ಸರಿಯಾದ ಮೈಕು ಹಿಡಿದಳು. ಗೆರ್ಲೋಫ್, ಜ್ವರದ ತುಟಿಗೇ ಹರ್ಪಿಸ್ ಅಂತಾರೆ. ಅದೇ ಇದು. ಮಾರ್ಲೂಸೂ ಇಲ್ಲ, ಪಕ್ಕದ ಮನೆಯವನೂ ಇಲ್ಲ. ಭಾನುವಾರ ಅಷ್ಟೇ. ಹಡಗು ಹೋಗುತ್ತಲೇ ಇದೆ, ಗೋಡೆ ಎಲ್ಲಿದೆಯೋ, ದೂರ ಹೇಳು ಮಾರಾಯ, ಏನಾದರೂ ಹೇಳು. ಹದಿನೈದು, ಎಂದಿತು ವಾಕಿಟಾಕಿ. ಅಂದ್ರೆ ನಾನೇ ಕೊಟ್ಟಿದ್ದಾ? ನೀನೇ. ನನಗೆ ಗೊತ್ತಿರ್ಲಿಲ್ಲ ವೀಟ್ಸ್. ನನಗೂ. ನಾನು ನಿನ್ನನ್ನ ಏನೇನೋ... ಆಮೇಲೆ ಕಣೋ, ಈಗ ದೂರ ಹೇಳು. ಐದು. ಎರಡು. ಹಗ್ಗ ಹಾಕ್ದೆ, ನಿಲ್ಸು.

ನಿಂತಿತು. ನೀರು ಇಳಿಯಲು ಶುರುವಾಯಿತು, ಒದ್ದೆ ಗೋಡೆಗಳು ಮೆಲ್ಲನೆ ಮೇಲೆದ್ದವು, ಮೇಲಿಂದ ಫ್ರೌಕ್ಯೆಯ ಕೂಗು, ಅಕ್ಕಾ, ಬ್ಯಾಗೆಲ್ಲಿ, ಬೇಗ ಕೊಡೇ, ಗೋಡೆ ಎತ್ತರ ಆಗ್ತಿದೆ! ಇಳಿಯಲ್ಲ ಕಣೇ, ಹೋಗಿ ಕಾಫಿ ಕುಡಿ, ಸಂಜೆ ಎಲ್ಲ ಹೇಳ್ತೀನಿ. ಏನು, ಕ್ಷಮಿಸ್ಬಿಟ್ಯಾ ಅವನನ್ನ? ಕ್ಷಮಿಸುವುದು ಏನನ್ನು, ಬೀಗ ಹಾಕದ ಬಾಗಿಲಿನಿಂದ ಬಂದವರನ್ನು ಕಳ್ಳರೆನ್ನುವುದು ಹೇಗೆ, ನೀರು ಇಳಿಯುತ್ತಿದೆ, ಅವಳೂ ಇಳಿಯುತ್ತಿದ್ದಾಳೆ, ಹಡಗಿನ ಪಕ್ಕದ ಕಿರುದಾರಿಯಲ್ಲಿ ಬೂಟಿನ ಸದ್ದು, ಮುಂದಿನ ತುದಿಯಿಂದ ಈ ಕಡೆಗೆ, ಮಂಜಿನಲ್ಲಿ ಮೊದಲು ಸದ್ದು, ಆಮೇಲೆ ಕಿತ್ತಳೆ ಜಾಕೆಟ್ಟು, ಆಮೇಲೆ ಮುಖ, ಎಷ್ಟು ದಿನವಾಯಿತು ಈ ಮುಖ ನೇರ ನೋಡಿ, ಬಂದರೆ ಹಿಡಿದು ಮುತ್ತು ಕೊಡಬೇಕು, ಕೊಡಬಾರದು, ಈಗಲ್ಲ, ಹಕ್ಕಳೆ ಉದುರುವವರೆಗೂ ಅಲ್ಲ, ಅವಳು ಬಾಗಿಲು ತೆರೆದು ನಿಂತಳು, ಅವನು ಹತ್ತಿರ, ಇನ್ನೂ ಹತ್ತಿರ, ತುಟಿಯ ಮೂಲೆಯಲ್ಲಿ ಆ ಬಿಳಿ ಚುಕ್ಕೆ, ಬಿಳಿ ಚುಕ್ಕೆ —