ಸಂಬಂಧ: ತಂದೆ

ಅಪ್ಪನ ಅಂಗಿಗೆ ಮೂರನೆಯ ಗುಂಡಿ ಹಾಕುವಷ್ಟರಲ್ಲಿ ಮಗಳ ಫೋನು ಗುರ್ ಎಂದಿತು. ಎದುರಿಗೆ ಅತ್ತೆ, ತೀರಿಕೊಂಡವರ ತಂಗಿ, ಅಣ್ಣನ ತೋಳು ಎತ್ತಿ ಹಿಡಿದಿದ್ದಳು. ತೋಳು ಆಗಲೇ ಸೆಟೆದುಕೊಂಡಿತ್ತು.

"ಇವತ್ತಾದ್ರೂ ಅದರ ಬಾಯಿ ಮುಚ್ಚಬಾರದೇನೇ?" ಎಂದಳು ಅತ್ತೆ.

ಕಾರ್ಖಾನೆಯ ಎಚ್‌ಆರ್ ಮುಖ್ಯಸ್ಥೆಗೆ ಅಪ್ಪನ ಅಂತ್ಯಕ್ರಿಯೆಯ ದಿನವೂ ಪುರುಸೊತ್ತಿಲ್ಲ. ರಜೆಯ ಅರ್ಜಿಗಳು ಈಗ ಆ್ಯಪಿನಲ್ಲಿ ಬರುತ್ತವೆ. ಕೇಳಿದ ದಿನವೇ ಸಿಗುವುದು ಸಾವಿನ ರಜೆ ಮಾತ್ರ, ಮಿಕ್ಕದ್ದಕ್ಕೆಲ್ಲ ವಾರದ ಮುಂಚೆ ಕೇಳಬೇಕು. ಸಾವಿನ ರಜೆಗೂ ನಾಲ್ಕೇ ಸಂಬಂಧ: ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗು. ಈ ನಿಯಮ ಬರೆದವಳು ಅವಳೇ.

ತೆರೆದು ನೋಡಿದಳು. ಹಳೆಯ ವೆಲ್ಡರ್. ಸಂಬಂಧ: ತಂದೆ.

"ಅಯ್ಯೋ ಪಾಪ, ಇವರಪ್ಪನೂ ಹೋದ್ರಂತೆ," ಎಂದು ಒಪ್ಪಿಗೆ ಒತ್ತಿದಳು. ತನ್ನ ದುಃಖಕ್ಕೊಂದು ಜೊತೆ ಸಿಕ್ಕಂತಾಗಿ ಕಣ್ಣು ತುಂಬಿತು.

ನಾಲ್ಕನೆಯ ಗುಂಡಿಗೆ ಇನ್ನೊಂದು ಅರ್ಜಿ, ಪ್ಯಾಕಿಂಗ್ ವಿಭಾಗದ ಹೆಂಗಸಿನದು. ಸಂಬಂಧ: ತಂದೆ. ಆಮೇಲೆ ಲೇತ್ ಯಂತ್ರ ನಡೆಸುವವನು, ಗೇಟಿನ ಕಾವಲುಗಾರ, ಕ್ಯಾಂಟೀನಿನ ಅಡುಗೆಯವನು. ಅಡುಗೆಯವನ ಅಪ್ಪ ಹೋಗಿ ಹತ್ತು ವರ್ಷವಾಗಿತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತು. ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಎಂಬಲ್ಲಿ ಎಲ್ಲರೂ ಹನ್ನೆರಡು ಗಂಟೆ ಎಂದು ಬರೆದಿದ್ದರು. ವಿಳಾಸ ಓದಿದಳು. ಇದೇ ಮನೆಯದು.

ಫೋನನ್ನು ಅತ್ತೆಯ ಮುಂದೆ ಹಿಡಿದಳು. ಅತ್ತೆ ಓದಿ, ಅಣ್ಣನ ಮುಖ ನೋಡಿದಳು.

"ಏನಣ್ಣಾ, ಒಂದೇ ಮಗು ಸಾಕು ಅಂತಿದ್ದೆ. ಇಷ್ಟೊಂದು ಯಾವಾಗ ಹುಟ್ಟಿಸಿದೆಯೋ?" ಎಂದು ನಗಲು ಹೋಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

*

ಅಪ್ಪನ ಕಾಲದಲ್ಲಿ ಆ ಕೆಲಸಕ್ಕೆ 'ಸಿಬ್ಬಂದಿ ಅಧಿಕಾರಿ' ಎಂದು ಹೆಸರು. ಗೇಟಿನ ಪಕ್ಕದ ಕೋಣೆ, ಒಂದು ಮೇಜು, ಬಂದವರಿಗೆಂದು ಒಂದು ಕುರ್ಚಿ. ರಜೆ ಬೇಕಾದವರು ಅಲ್ಲಿ ಕೂತು ಬಾಯಿಬಿಟ್ಟು ಹೇಳಬೇಕು. ಎಲ್ಲರ ಬಾಯಲ್ಲೂ ಅವರು 'ರಜೆ ಸಾಹೇಬ್ರು'. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲೇ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದಳು.

ಒಮ್ಮೆ ವೆಲ್ಡರ್ ಬಂದು ಅಜ್ಜಿ ಹೋದಳೆಂದ.

"ಹೋದ ವರ್ಷಾನೂ ಒಬ್ಬಳು ಹೋದ್ಲಲ್ಲೋ?"

"ಅದು ಅಮ್ಮನ ಕಡೆ ಸಾರ್."

"ಅದರ ಹಿಂದಿನ ವರ್ಷ?"

ವೆಲ್ಡರ್ ನೆಲ ನೋಡಿದ. ಅಪ್ಪ ಸಹಿ ಹಾಕಿಕೊಟ್ಟರು.

"ಅವನು ಸುಳ್ಳು ಹೇಳ್ದ ಅಪ್ಪಾ!"

"ಹೂಂ. ಸುಳ್ಳು ಹೇಳೋಕೂ ಏನೋ ಕಾರಣ ಇರುತ್ತಲ್ಲ ಮಗಳೇ. ರಜೆ ಕೊಟ್ಟಿದ್ದು ಅದಕ್ಕೆ."

ಆದರೆ ಆ ಕುರ್ಚಿಯಲ್ಲಿ ಕೂತು ಹೇಳಿಕೊಳ್ಳಲು ಬಾರದವರೂ ಇದ್ದರು. ಪ್ಯಾಕಿಂಗಿನ ಹೆಂಗಸು ಬಾಗಿಲ ತನಕ ಬಂದು, ಒಳಗೆ ಗಂಡಸರನ್ನು ಕಂಡು ತಿರುಗಿ ಹೋಗುವುದನ್ನು ಮಗಳು ಎಷ್ಟೋ ಸಲ ನೋಡಿದ್ದಳು. ಮುಂದೆ ಅದೇ ಕಾರ್ಖಾನೆಗೆ ತಾನೇ ಎಚ್‌ಆರ್ ಆಗಿ ಬಂದಾಗ ಮೊದಲು ಎತ್ತಿಸಿದ್ದು ಆ ಕುರ್ಚಿಯನ್ನು.

"ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ ಅಪ್ಪಾ. ಬಾಯಿಲ್ಲದವರ ಗತಿ? ನಿಯಮ ಅಂದ್ರೆ ಎಲ್ಲರಿಗೂ ಒಂದೇ ಇರಬೇಕು. ನಾವೇನು ಈಗ ರಜೆ ಬರೆಯೋ ಗುಮಾಸ್ತರಲ್ಲ, ಕಂಪನಿ ಎತ್ತ ಹೋಗ್ಬೇಕು ಅಂತ ಹೇಳೋರು."

ಆಗ ನಿವೃತ್ತರಾಗಿದ್ದ ಅಪ್ಪ ಆ್ಯಪನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ದರು. "ಸಾಕಿದವರು ಸತ್ರೆ ಇದರಲ್ಲಿ ಎಲ್ಲಿ ಒತ್ತಬೇಕು?"

"ಅದಕ್ಕೆಲ್ಲ ಅವಕಾಶ ಇಲ್ಲ."

ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ, "ಒಂದಿನ ರಜೆ ಹಾಕಿ ಬಂದು ಕೂರ್ತೀಯಾ?" ಎಂದು ಕೇಳಿದ್ದರು. ಸಭೆ ಮುಗಿಸಿ ಬರ್ತೀನಿ ಅಂದಿದ್ದಳು. ಸಭೆಯ ನಡುವೆಯೇ ಸುದ್ದಿ ಬಂತು. ಇಂಥ ಮಗಳು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಆಗಿನಿಂದ ಅವಳಿಗೆ ಅನ್ನಿಸುತ್ತಲೇ ಇತ್ತು.

*

ಹತ್ತೂವರೆಗೆ ಅರ್ಜಿಗಳು ನಲವತ್ತೊಂದಾದವು. ಕಾರ್ಖಾನೆಯ ಮುಖ್ಯಸ್ಥರು ಫೋನು ಮಾಡಿದರು.

"ನಿಮ್ಮ ತಂದೆ ವಿಷಯ ಕೇಳಿ ಬೇಜಾರಾಯ್ತು. ಆದ್ರೆ ಇದೇನಮ್ಮ ಇದು? ಎರಡು ಪ್ರೊಡಕ್ಷನ್ ಲೈನ್ ನಿಂತುಹೋಗುತ್ತೆ. ಎಲ್ಲಾ ತಿರಸ್ಕರಿಸಿ, ಎಚ್ಚರಿಕೆ ಕೊಟ್ಟು ಬಿಟ್ಬಿಡೋಣ. ಸುಳ್ಳು ಕಾರಣ ಕೊಟ್ಟೋರು ಮನೆಗೆ ಅಂತ ಬರೆದಿದ್ದು ನೀವೇ ಅಲ್ವಾ?"

"ಹೌದು ಸಾರ್, ನಾನೇ."

"ಗೊತ್ತಿದ್ದೂ ಒಪ್ಪಿಗೆ ಕೊಟ್ರೆ ಅವರ ಜೊತೆ ನಿಮ್ಮ ಕೆಲಸಾನೂ ಹೋಗುತ್ತೆ. ನನ್ನ ಕೈಲಿ ಉಳಿಸೋಕಾಗಲ್ಲ, ನೋಡಿ."

ಅವಳು ಹಿತ್ತಿಲಿಗೆ ಹೋಗಿ ಪ್ಯಾಕಿಂಗಿನ ಹೆಂಗಸಿಗೆ ಫೋನು ಮಾಡಿದಳು.

"ಕೆಲಸ ಹೋಗುತ್ತೆ ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು ಮೇಡಂ. ಬೇರೆ ಏನು ಒತ್ತೋಕೂ ಅದರಲ್ಲಿ ಜಾಗ ಇರ್ಲಿಲ್ಲ."

"ನೀವು ಅಪ್ಪನ ಕೋಣೆಗೆ ಒಂದು ದಿನವೂ ಬಂದೋರಲ್ಲ. ನಾನೇ ನೋಡಿದ್ದೀನಿ, ಬಾಗಿಲಿಂದಾನೇ ವಾಪಸ್ ಹೋಗ್ತಿದ್ರಿ."

"ಹೂಂ, ಹೋಗ್ತಿದ್ದೆ. ಊಟದ ಬಿಡುವಲ್ಲಿ ಅವರೇ ನನ್ನ ಮೇಜಿನ ಹತ್ರ ಬರೋರು. 'ಏನಮ್ಮ, ಬಾಗಿಲ ತನಕ ಬಂದು ಹೋದ್ಯಂತಲ್ಲ, ಏನು ವಿಷಯ?' ಅನ್ನೋರು. ನಮ್ಮ ಮಗಳು ನೋಡಿ ಹೇಳಿದ್ಲು ಅಂತಾನೂ ಅನ್ನೋರು."

ತಾನು ಹೇಳಿದ್ದು ಅವಳಿಗೆ ನೆನಪೇ ಇರಲಿಲ್ಲ. ಹಿತ್ತಿಲ ಗೋಡೆಗೆ ಒರಗಿ, ನಿನ್ನೆಯಿಂದ ತಡೆದಿದ್ದದ್ದನ್ನೆಲ್ಲ ಜೋರಾಗಿ ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ಅರ್ಜಿಗಳನ್ನು ಒಂದೊಂದಾಗಿ ತೆರೆದಳು. ಒಪ್ಪಿಗೆಗೆ ಮುಂಚೆ ಪ್ರತಿಸಲವೂ ಆ್ಯಪು ಕೇಳುತ್ತಿತ್ತು: ಕಾರಣ ನಿಜವೆಂದು ಪರಿಶೀಲಿಸಿದ್ದೀರಾ? ಪ್ರತಿಸಲವೂ 'ಹೌದು' ಒತ್ತಿದಳು. ಯಾವುದನ್ನೂ ಓದದೆ ಬಿಡಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವರು ಬಂದರು, ಪಾಳಿಯಿಂದ ನೇರ, ಎಣ್ಣೆ ಮೆತ್ತಿದ ಸಮವಸ್ತ್ರದಲ್ಲೇ. ಯಾರೂ ಹೇಳದೆಯೇ ಸಾಲಾಗಿ ನಿಂತರು. ಸಾಲು ನಡುಮನೆಯಿಂದ ಅಂಗಳ ದಾಟಿ ರಸ್ತೆಗೆ ಮುಟ್ಟಿತು. ಶವದ ವಾಹನದ ಚಾಲಕ ಎಂಜಿನ್ ಆರಿಸಿ ಕೆಳಗಿಳಿದ.

"ಬಾರೇ," ಎಂದು ಅತ್ತೆ ಒಳಗಿನಿಂದ ಕರೆದಳು. "ಕೊನೇ ಸಲ ಮುಖ ನೋಡು. ಮಗಳು ಮೊದಲು."

ವೆಲ್ಡರ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವಳು ಅವನನ್ನು ದಾಟಿ ಹೊರಗೆ ನಡೆದಳು. ಅಂಗಳ ದಾಟಿ, ಗೇಟು ದಾಟಿ, ರಸ್ತೆಯ ಬಿಸಿಲಿನಲ್ಲಿ ಎಲ್ಲರಿಗಿಂತ ಹಿಂದೆ, ಅಡುಗೆಯವನ ಬೆನ್ನಿಗೆ ಹೋಗಿ ನಿಂತಳು. ಅವನು ಗಾಬರಿಯಾಗಿ ತಿರುಗಿ ನೋಡಿದ. ಅವಳು ಮುಂದೆ ನೋಡು ಎಂದು ಕೈಸನ್ನೆ ಮಾಡಿದಳು.

ಸಾಲು ಒಂದು ಹೆಜ್ಜೆ ಸರಿಯಿತು. ಅವಳೂ ಒಂದು ಹೆಜ್ಜೆ ಸರಿದಳು.