ಶಾಲೆಯ ಸುದ್ದಿ ನನಗೂ ಹೇಳಿ

ಕೋಟೆ ತಾಲ್ಲೂಕಿನ ಹೊಂಗೆಕೊಪ್ಪಲಿನಲ್ಲಿ ಸುಕನ್ಯ ಅಂತ ಒಬ್ಬಳು ತಾಯಿ. ಅವಳ ಮಗಳು ಹೇಮಶ್ರೀ ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮನೆಯಲ್ಲಿ ಕೇಳಿದರೆ ಮಗ್ಗಿ ಪಟಪಟ ಹೇಳುತ್ತಾಳೆ. ಆದರೆ ಶಾಲೆಯಿಂದ ತರುವ ನೋಟ್‌ಬುಕ್ಕಿನ ತುಂಬ ಕೆಂಪು ಗೆರೆ. ಬೋರ್ಡಿನ ಮೇಲೆ 3 ಇದ್ದದ್ದು ಇವಳ ಪುಸ್ತಕದಲ್ಲಿ 8 ಆಗಿರುತ್ತದೆ. 'ಪ' ಇದ್ದದ್ದು 'ವ' ಆಗಿರುತ್ತದೆ.

"ನಿಗಾ ಇಲ್ಲ ಅವಳ್ಗೆ, ಬರೀ ಆಟದ ಮೇಲೆ ಗ್ಯಾನ," ಅನ್ನುತ್ತಿದ್ದ ಗಂಡ ವೆಂಕಟೇಶ್. ಅವನು ಗೂಡ್ಸ್ ಆಟೋದಲ್ಲಿ ಕೋಟೆ ಮಾರ್ಕೆಟ್ಟಿಗೆ ತರಕಾರಿ ಸಾಗಿಸುತ್ತಾನೆ. ಸುಕನ್ಯಳೂ ಹಾಗೇ ಅಂದುಕೊಂಡಿದ್ದಳು. ಸಿಟ್ಟು ಬಂದು ಮಗುವಿಗೆ ಎರಡು ಸಲ ಹೊಡೆದೂ ಇದ್ದಳು.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಉಷಾರಾಣಿ ಪಕ್ಕದ ಮನೆಯ ಬಸುರಿಯನ್ನು ನೋಡಲು ಬಂದವಳು, ಇವರ ಜಗಲಿ ಮೇಲೂ ಒಂದು ಗಳಿಗೆ ಕೂತಳು.

"ಹೇಮಶ್ರೀಗೆ ಕನ್ನಡಕ ಬಂತಾ ಸುಕನ್ಯಾ?"

"ಯಾವ ಕನ್ನಡಕ?"

"ಅಯ್ಯೋ, ಹೋದ ತಿಂಗಳು ಡಾಕ್ಟ್ರು ಶಾಲೆಗೆ ಬಂದು ಮಕ್ಕಳ ಕಣ್ಣು ನೋಡಿದ್ರಲ್ಲ. ಐದು ಮಕ್ಕಳಿಗೆ ದೂರದ್ದು ಸರಿಯಾಗಿ ಕಾಣಲ್ಲ ಅಂತ ಬರೆದ್ರು. ನಿನ್ನ ಮಗಳೂ ಅದ್ರಲ್ಲಿ ಒಬ್ಬಳು. ಯಾವ್ದಾದ್ರೂ ಗುರುವಾರ ಕೋಟೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ರು."

ಸುಕನ್ಯ ಹೊಡೆದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಯಾರಿಗೆ ಹೇಳಿ ಕಳಿಸಿದ್ರು?"

ಸಂಜೆ ಗಂಡ ಬಂದಾಗ ಅದೇ ಪ್ರಶ್ನೆ ಕೇಳಿದಳು. ವೆಂಕಟೇಶ್ ಮೊಬೈಲ್ ತೆಗೆದು, ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಬೆರಳಾಡಿಸುತ್ತಾ ಹಿಂದೆ ಹಿಂದೆ ಹೋದ. ಆಸ್ಪತ್ರೆಯ ಮೆಸೇಜ್ ಇತ್ತು. ಮಗಳ ಹೆಸರೂ ಇತ್ತು.

"ದಿನಕ್ಕೆ ನೂರು ಮೆಸೇಜ್ ಬತ್ತವೆ ಕಣೆ. ಗುಡ್ ಮಾರ್ನಿಂಗು, ಹೂವು, ದೇವ್ರು. ಎಲ್ಲಾ ನೋಡಕ್ಕಾದದಾ?"

"ನೀವು ನೋಡ್ಬೇಡಿ. ನಂಗೆ ಬರೋ ಹಂಗೆ ಮಾಡಿ."

"ಶಾಲೆ ವಿಷ್ಯ ನಿಂಗ್ಯಾಕೆ ಬುಡು. ಮೇಷ್ಟ್ರು ನೋಡ್ಕತಾರೆ."

ಮಾರನೇ ದಿನ ಸುಕನ್ಯ ಹಾಲು ಡೇರಿಗೆ ಹಾಕಿ, ಹಾಗೇ ಶಾಲೆಗೆ ನಡೆದಳು. ಮೇಷ್ಟ್ರು ಮಹದೇವಪ್ರಸಾದ್ ಒಳ್ಳೆಯವರೇ. ಆದರೆ ಎರಡು ಕ್ಲಾಸು ಒಬ್ಬರೇ ನೋಡುವವರು.

"ಗ್ರೂಪಲ್ಲಿ ಹಾಕಿದ್ದೆನಲ್ಲಮ್ಮ."

"ಆ ಗ್ರೂಪಲ್ಲಿ ಎಷ್ಟು ಜನ ತಾಯಂದಿರವ್ರೆ ಸಾರ್?"

ಮೇಷ್ಟ್ರು ಮೊಬೈಲ್ ನೋಡಿದರು. ಒಬ್ಬರೂ ಇರಲಿಲ್ಲ. ಅವರಿಗೇ ಸ್ವಲ್ಪ ನಾಚಿಕೆಯಾಯಿತು. ಗೋಡೆಗೆ ಅಂಟಿಸಿದ್ದ ಒಂದು ಪಟ್ಟಿ ತೋರಿಸಿದರು. "ಅದಿರಲಿ, ನೀವೇ ಎಸ್‌ಡಿಎಂಸಿ ಸದಸ್ಯರಲ್ಲವೇನಮ್ಮ? ನೋಡಿ, ಮೂರನೇ ಹೆಸರು."

ಎಸ್‌ಡಿಎಂಸಿ ಅಂದರೆ ಶಾಲೆಯ ಮೇಲ್ವಿಚಾರಣೆಗೆ ಇರುವ ಪೋಷಕರ ಸಮಿತಿ. ಮೂರನೇ ಹೆಸರು 'ಸುಕನ್ಯ ವೆಂಕಟೇಶ್' ಅಂತಲೇ ಇತ್ತು. ಆರನೆಯದು ಚಿಕ್ಕಸಿದ್ದಮ್ಮ. ಎಣಿಸಿದರೆ ಅರ್ಧ ಹೆಸರು ಹೆಂಗಸರದ್ದೇ. ಅರ್ಧದಷ್ಟು ಹೆಣ್ಣುಮಕ್ಕಳು ಇರಲೇಬೇಕು ಅಂತ ಕಾನೂನು ಇದೆ ಅಂದರು ಮೇಷ್ಟ್ರು. ಹೋದ ವರ್ಷ ಮುದ್ದೆ ತೊಳಸುತ್ತಿದ್ದಾಗ ವೆಂಕಟೇಶ್ ಒಂದು ಕಾಗದ ಚಾಚಿ "ಇಲ್ಲೊಂದು ಸೈನ್ ಹಾಕು" ಅಂದದ್ದು ಸುಕನ್ಯಗೆ ಆಗ ನೆನಪಾಯಿತು. ಹೆಸರು ಅವಳದು. ಸಭೆಗೆ ಹೋಗಿ ಟೀ ಕುಡಿದು ಬರುವವನು ಅವನು.

"ಮುಂದಿನ ಸಭೆ ಯಾವಾಗ ಸಾರ್?"

"ಶನಿವಾರ ಹತ್ತು ಗಂಟೆಗೆ."

ಶನಿವಾರದವರೆಗೆ ಸುಕನ್ಯ ಸುಮ್ಮನೆ ಕೂರಲಿಲ್ಲ. ಶಾಲೆಗೆ ಮಕ್ಕಳನ್ನು ಕಳಿಸುವ ಮೂವತ್ತೊಂದು ಮನೆಗೂ ಹೋದಳು. ಕಣ್ಣಿನ ಪರೀಕ್ಷೆಯ ವಿಷಯ ಹತ್ತೊಂಬತ್ತು ಮನೆಯ ತಾಯಂದಿರಿಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಗೆ ಬನ್ನಿ ಅಂದಿದ್ದ ಐವರಲ್ಲಿ ಹೋಗಿದ್ದದ್ದು ಒಂದೇ ಮಗು.

ಚಿಕ್ಕಸಿದ್ದಮ್ಮ ಶುಂಠಿ ಹೊಲಕ್ಕೆ ಕೂಲಿಗೆ ಹೋಗುವವಳು. ಅವಳ ಮಗನಿಗೂ ಕನ್ನಡಕ ಬರೆದಿದ್ದರು. "ಓದಕ್ಕೆ ಬರ್ದೇ ಇರೋಳು ನಾನು. ಮೀಟಿಂಗ್‌ಗೆ ಬಂದು ಏನ್ ಮಾಡ್ಲವ್ವ? ನಗಾಡ್ತಾರೆ ಅಷ್ಟೆ," ಅಂದಳು.

"ಸುದ್ದಿ ಕೇಳಕ್ಕೆ ಓದು ಯಾಕಕ್ಕ, ಕಿವಿ ಸಾಕು. ನಗಾಡಿದ್ರೆ ನಗಾಡ್ಲಿ. ನಿನ್ನ ಮಗನ ಕಣ್ಣು ಅದು, ಅವರದ್ದಲ್ಲ."

ಚಿಕ್ಕಸಿದ್ದಮ್ಮ ಆ ಶನಿವಾರ ಅರ್ಧ ದಿನದ ಕೂಲಿ ಬಿಟ್ಟಳು.

ಇಬ್ಬರೂ ಶಾಲೆಗೆ ಹೋದಾಗ ಗಂಡಸರು ಆಗಲೇ ಕುರ್ಚಿ ಹಿಡಿದಿದ್ದರು. ಅಧ್ಯಕ್ಷ ಕಂಠಪ್ಪ ತಲೆ ಎತ್ತಿ ನೋಡಿದ. "ವೆಂಕಟೇಶ ಬತ್ತಾನೆ ಬುಡವ್ವ. ನೀವು ಮನೇಗ್ ಓಗಿ."

"ಪಟ್ಟೀಲಿ ಇರೋದು ವೆಂಕಟೇಶನ ಹೆಸರಲ್ಲ, ನಂದು," ಅಂದಳು ಸುಕನ್ಯ. ಖಾಲಿ ಇದ್ದ ಎರಡು ಕುರ್ಚಿ ಎಳೆದು, ಚಿಕ್ಕಸಿದ್ದಮ್ಮನನ್ನೂ ಕೂರಿಸಿ, ತಾನೂ ಕೂತಳು.

"ಇಷ್ಟು ವರ್ಷ ಇಲ್ದೇ ಇರೋ ಪದ್ಧತಿ ಈಗ್ಯಾಕೆ?" ಅಂದ ಕಂಠಪ್ಪ.

"ಇಷ್ಟು ವರ್ಷ ಇರ್ಲಿಲ್ಲ, ಅದಕ್ಕೇ ನಾಲ್ಕು ಮಕ್ಕಳು ಬೋರ್ಡ್ ಕಾಣ್ದೆ ಕೂತವ್ರೆ. ಕಾಣದಿದ್ದದ್ದಕ್ಕೆ ನಾನೇ ನನ್ನ ಮಗಳಿಗೆ ಹೊಡೆದಿದ್ದೀನಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. ಮನೆ ಮನೆಯಲ್ಲಿ ಕೇಳಿ ಬರೆದುಕೊಂಡಿದ್ದನ್ನು ಪೂರ್ತಿ ಓದಿದಳು. ಯಾರೂ ನಗಲಿಲ್ಲ.

ಆ ಹೊತ್ತಿಗೆ ವೆಂಕಟೇಶ್ ಬಂದು ಬಾಗಿಲಲ್ಲಿ ನಿಂತಿದ್ದ. ಕಂಠಪ್ಪ ಅವನ ಕಡೆ ತಿರುಗಿ, "ಏನಪ್ಪಾ ಇದು, ಕರ್ಕೊಂಡು ಓಗು," ಅಂದ.

ವೆಂಕಟೇಶ್ ಹೆಂಡತಿಯ ಮುಖ ನೋಡಿದ. "ಹೆಸರು ಅವಳ್ದೇ ಕಣಣ್ಣ. ಮೆಸೇಜ್ ಓದ್ದೇ ಬುಟ್ಟೋನು ನಾನು. ಇನ್ಮೇಲೆ ಅವಳೇ ಬರ್ಲಿ."

ಚಿಕ್ಕಸಿದ್ದಮ್ಮ ಆಗ ಬಾಯಿ ಬಿಟ್ಟಳು. "ಶಾಲೆ ಸುದ್ದಿನ ಡೇರಿ ಗೋಡೆ ಮೇಲೆ ಬರೀರಿ ಸಾರ್. ಹಾಲು ಹಾಕೋ ಹೊತ್ನಲ್ಲಿ ಯಾರಾದ್ರೂ ಜೋರಾಗಿ ಓದ್ಲಿ. ನಮ್ಮಂತೋರಿಗೂ ಕೇಳ್ತದೆ."

ಮೇಷ್ಟ್ರು ಅದನ್ನು ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದರು. ತಾಯಂದಿರ ನಂಬರನ್ನೂ ಗ್ರೂಪಿಗೆ ಸೇರಿಸುವುದು, ಮುಖ್ಯ ವಿಷಯವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಹಾಕುವುದು, ಹೂವು ದೇವರ ಫೋಟೊ ಅದರಲ್ಲಿ ಹಾಕದಿರುವುದು, ಇವನ್ನೂ ಬರೆದರು. ಬಂದಿದ್ದ ಸದಸ್ಯರೆಲ್ಲ ಸಹಿ ಹಾಕಿದರು. ಚಿಕ್ಕಸಿದ್ದಮ್ಮ ಹೆಬ್ಬೆಟ್ಟು ಒತ್ತಿದಳು. ಕಂಠಪ್ಪ ಗೊಣಗುತ್ತಲೇ ಕೊನೆಗೆ ಸಹಿ ಮಾಡಿದ.

ಮುಂದಿನ ಗುರುವಾರ ವೆಂಕಟೇಶನ ಆಟೋ ಮಾರ್ಕೆಟ್ಟಿಗೆ ಹೋಗಲಿಲ್ಲ. ನಾಲ್ಕು ಮಕ್ಕಳು, ನಾಲ್ಕು ತಾಯಂದಿರು ಅವನ ಜೊತೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು. ಕೆಲವು ವಾರ ಕಳೆದು ಕನ್ನಡಕ ಬಂದವು. ಮೊದಲ ದಿನ ಕನ್ನಡಕ ಹಾಕಿಕೊಂಡು ಶಾಲೆಗೆ ಹೋಗಿ ಬಂದ ಹೇಮಶ್ರೀ, ಬ್ಯಾಗೂ ಇಳಿಸದೆ ಹೇಳಿದಳು, "ಅವ್ವಾ, ನಮ್ ಮೇಷ್ಟ್ರ ಗಲ್ಲದ ಮೇಲೆ ಒಂದು ಮಚ್ಚೆ ಅದೆ."

ಸುಕನ್ಯ ಮಗಳನ್ನು ಹತ್ತಿರ ಎಳೆದುಕೊಂಡು, "ನಾನು ಹೊಡೆದದ್ದು ತಪ್ಪಾಯ್ತು ಮಗಾ," ಅಂದಳು.

ಅಮ್ಮಂದಿರೇ, ಅಕ್ಕಂದಿರೇ, ನಿಮ್ಮ ಮಗು ಓದುವ ಶಾಲೆಯ ಸುದ್ದಿ ಕೊನೆಯ ಸಲ ನಿಮಗೆ ಯಾರು ಹೇಳಿದರು? ಶಾಲೆಯ ಗ್ರೂಪಿನಲ್ಲಿ ನಿಮ್ಮ ನಂಬರ್ ಇದೆಯೇ? ಮೊಬೈಲ್ ಇಲ್ಲದಿದ್ದರೆ ಸುದ್ದಿ ನಿಮಗೆ ಹೇಗೆ ಮುಟ್ಟುತ್ತದೆ ಅಂತ ಮೇಷ್ಟ್ರನ್ನು ಕೇಳಿ. ಸಮಿತಿಯ ಪಟ್ಟಿ ತೋರಿಸಿ ಅನ್ನಿ. ಅದರಲ್ಲಿ ನಿಮ್ಮ ಹೆಸರು ಇರಬಹುದು, ನಿಮಗೇ ಗೊತ್ತಿಲ್ಲದೆ. ಇದ್ದರೆ ಮುಂದಿನ ಸಭೆಗೆ ನೀವೇ ಹೋಗಿ. ಮನೆಗೆ ಹೋಗು ಅಂದರೆ ಎದ್ದು ಬರಬೇಡಿ, ಕುರ್ಚಿ ಎಳೆದು ಕೂತ್ಕೊಳ್ಳಿ.